ಇದ್ದಾನೆ, ಇದ್ದಾನು

ನಲವತ್ತು ದಾಟಿದ ಮೇಲೆ ಹೊಸ ಭಾಷೆಯೊಂದಕ್ಕೆ ಓನಾಮ ಹಾಕಿಕೊಳ್ಳುವುದು ಸ್ವಲ್ಪ ನಗೆಗೀಡಿನ ಕೆಲಸವೇ ಸರಿ. ಹಗಲೆಲ್ಲ ಕಾಲೇಜಿನಲ್ಲಿ ಕೇಶಿರಾಜನ ಸೂತ್ರಗಳನ್ನು ಬಿಡಿಸಿ ಹೇಳುವ ಮೇಷ್ಟರು ಸಂಜೆಯ ಹೊತ್ತು ಪರಭಾಷೆಯ ಕ್ರಿಯಾಪದಗಳನ್ನು ಗಟ್ಟಿಯಾಗಿ ಉರುಹೊಡೆಯತೊಡಗಿದರೆ ಮನೆಯ ಮಕ್ಕಳು ಬಾಗಿಲ ಸಂದಿಯಿಂದ ಇಣುಕಿ ನೋಡದೆ ಇದ್ದಾರೆಯೆ? ಸ್ಪ್ಯಾನಿಷ್ ಕಾವ್ಯವನ್ನು ಇಂಗ್ಲಿಷಿನ ಕನ್ನಡಕವಿಲ್ಲದೆ ಓದಬೇಕೆಂಬುದು ನನ್ನ ಬಹುದಿನದ ಆಸೆ. ಲಿಂಗ, ವಚನ, ಕಾಲ ಇವೆಲ್ಲ ಹೇಗೋ ಕೈಗೆ ಬಂದವು. ನಿಂತು ಯೋಚಿಸುವಂತೆ ಮಾಡಿದ್ದು ಸಬ್‌ಜಂಕ್ಟಿವ್ ಎಂಬ ಕ್ರಿಯಾರೂಪ. ವ್ಯಾಕರಣದ ಪಾಠವೆಂದು ಅದನ್ನು ಹಿಡಿದೆ. ಅದರೊಳಗೆ ನೀತಿಯ ಪಾಠವೂ ಒಂದು ಅಡಗಿದೆಯೆಂದು ಈಗ ತೋರುತ್ತಿದೆ.

‘ಅವನು ಬರುತ್ತಾನೆಂದು ನಂಬುತ್ತೇನೆ’ ಎನ್ನುವಾಗ ಸ್ಪ್ಯಾನಿಷಿನಲ್ಲಿ ‘ಬರುತ್ತಾನೆ’ ಎಂಬುದಕ್ಕೆ ‘ಬಿಯೆನೆ’ ಎನ್ನಬೇಕು. ‘ಬರುತ್ತಾನೆಂದು ನಂಬುವುದಿಲ್ಲ’ ಎಂದೊಡನೆ ಅದೇ ಕ್ರಿಯಾಪದ ‘ಬೆಂಗ’ ಎಂದು ವೇಷ ಬದಲಿಸುತ್ತದೆ. ಮೊದಲನೆಯದು ನಿಶ್ಚಯಾರ್ಥ, ಎರಡನೆಯದು ಸಬ್‌ಜಂಕ್ಟಿವ್. ‘ಅಂಗಳವಿರುವ ಮನೆಯೊಂದನ್ನು ಹುಡುಕುತ್ತಿದ್ದೇನೆ’ ಎಂದು ಕನ್ನಡದಲ್ಲಿ ಹೇಳಿದರೆ, ಅಂಥ ಮನೆ ಇದೆಯೆಂದು ತಿಳಿದು ಅದರ ವಿಳಾಸ ಹುಡುಕುತ್ತಿದ್ದಾನೋ, ಇದ್ದರೆ ಸಿಗಲೆಂದು ಬೀದಿ ಅಲೆಯುತ್ತಿದ್ದಾನೋ ಹೇಳುವಂತಿಲ್ಲ. ಸ್ಪ್ಯಾನಿಷಿನಲ್ಲಿ ‘ತಿಯೆನೆ’ ಎಂದರೆ ಮನೆ ಇದೆ. ‘ತೆಂಗ’ ಎಂದರೆ ಮನೆ ಇನ್ನೂ ಆಸೆಯಲ್ಲಿದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರಿಗೆಲ್ಲ ಈ ಎರಡನೆಯ ರೂಪವೇ ಗತಿ. ‘ಅವನು ಬಂದಾಗ ಊಟ ಮಾಡೋಣ’ ಎನ್ನುವಾಗಲೂ ‘ಬೆಂಗ’. ಅವನು ಬರುವುದು ಎಷ್ಟೇ ಖಚಿತವಾಗಿರಲಿ, ಬರುವ ತನಕ ಬಂದಿಲ್ಲವಷ್ಟೆ! ದಿನವೂ ಬರುವವನಾದರೆ ಮಾತ್ರ ‘ಬಿಯೆನೆ’.

ಹಾಗಾದರೆ ಇದು ಸಂದೇಹದ ರೂಪವೋ ಎಂದರೆ, ಅದೂ ಪೂರ್ತಿ ಸರಿಯಲ್ಲ. ‘ನೀನು ಬಂದದ್ದು ನನಗೆ ಸಂತೋಷ’ ಎನ್ನುವಾಗ ಬಂದವನು ಎದುರಿಗೇ ಕುಳಿತು ಕಾಫಿ ಕುಡಿಯುತ್ತಿರುತ್ತಾನೆ, ಆದರೂ ಸಬ್‌ಜಂಕ್ಟಿವ್. ಒಂದು ವಿವರಣೆ ಹೀಗಿದೆ: ಅವನು ಬಂದನೆಂಬ ಸುದ್ದಿಯನ್ನು ಆ ವಾಕ್ಯ ಸಾರುತ್ತಿಲ್ಲ, ಅದು ಇಬ್ಬರಿಗೂ ಗೊತ್ತಿದ್ದದ್ದೇ. ಸಾರುವುದು ಸಂತೋಷವನ್ನು ಮಾತ್ರ. ಅಂದರೆ ಇಲ್ಲಿ ವಿಷಯ ನಿಜವೋ ಸುಳ್ಳೋ ಎಂಬುದು ಮುಖ್ಯವಲ್ಲ. ‘ಇದಕ್ಕೆ ನಾನು ಸಾಕ್ಷಿ’ ಎಂದು ಹೇಳುವವನು ರುಜು ಹಾಕುತ್ತಿದ್ದಾನೆಯೆ, ಇಲ್ಲವೆ ಎಂಬುದು ಮುಖ್ಯ. ಈ ವಿವರಣೆ ನನಗೆ ಬಹಳ ಹಿಡಿಸಿತು. ವಾಕ್ಯವಾಕ್ಯಕ್ಕೂ ತನ್ನ ರುಜುವಿನ ಲೆಕ್ಕ ಒಪ್ಪಿಸಬೇಕಾದ ಜನ ಮಾತಿನಲ್ಲಿ ಎಷ್ಟು ಜಾಗರೂಕರಾಗಿರಬೇಕು! (ಹಾಗೇನೂ ಇಲ್ಲವೆಂದು ಚರಿತ್ರೆ ಹೇಳುತ್ತದೆ, ಅದಿರಲಿ.)

ಆ ಭಾಷೆಯ ಮೊದಲ ಅಚ್ಚಾದ ವ್ಯಾಕರಣವನ್ನು ನೆಬ್ರಿಹ ಎಂಬ ಪಂಡಿತ ರಾಣಿ ಇಸಬೆಲ್ಲಳಿಗೆ ಅರ್ಪಿಸಿದ್ದು 1492ರಲ್ಲಿ. ಅದರಲ್ಲಾಗಲೇ ಈ ರೂಪಕ್ಕೆ ಪ್ರತ್ಯೇಕ ಸ್ಥಾನವಿದೆ. ಹಾರೈಕೆಗೆ ಅವರು ಬಳಸುವ ‘ಓಹಲಾ’ ಎಂಬ ಮಾತು ಅರಬ್ಬರಿಂದ ಬಂದದ್ದು. ‘ದೇವರು ಮನಸ್ಸುಮಾಡಿದರೆ’ ಎಂದು ಅದರ ಮೂಲ. ಆ ಮಾತಿನ ಹಿಂದೆ ಸಬ್‌ಜಂಕ್ಟಿವ್ ಬಂದೇ ಬರಬೇಕು. ದೇವರ ಮನಸ್ಸಿಗೆ ಮನುಷ್ಯ ರುಜು ಹಾಕುವುದುಂಟೆ?

ಇಷ್ಟು ಕಲಿತ ಮೇಲೆ ನಮ್ಮ ಮನೆಯ ಗಂಟಿನ ಕಡೆ ಗಮನ ಹರಿಯಿತು. ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕವೆಂದು ಒಂದು ರೂಪವಿದೆ: ಬಂದಾನು, ಬಿದ್ದೀತು, ಇದ್ದಾರು. ಎಲ್ಲ ವಿಧದಲ್ಲೂ ಇದು ಸಬ್‌ಜಂಕ್ಟಿವ್ ಅಲ್ಲ, ದಾಯಾದಿ ಎನ್ನಬಹುದು. ಇಂದಿನ ವಿದ್ಯಾರ್ಥಿಗೆ ಸಂಭಾವನೆಯೆಂದರೆ ಭಾಷಣಕಾರರಿಗೆ ಲಕೋಟೆಯಲ್ಲಿಟ್ಟು ಕೊಡುವ ಹಣ. ಅದೂ ಬಹುಮಟ್ಟಿಗೆ ‘ಬಂದೀತು’ ಎಂಬ ರೂಪದಲ್ಲೇ ಇರುತ್ತದೆನ್ನಿ! ಪಟ್ಟಣದ ಮಾತಿನಲ್ಲಿ ‘ಬಂದಾನು’ ಎಂಬುದನ್ನು ‘ಬರಬಹುದು’ ಬಹುಪಾಲು ಹೊರದೂಡಿದೆ. ಆದರೆ ಎರಡೂ ಒಂದೇ ಅಲ್ಲ. ಮಗು ಜಗುಲಿಯ ಅಂಚಿಗೆ ಓಡಿದರೆ ತಾಯಿ ‘ಬಿದ್ದೀಯೆ, ಜೋಕೆ!’ ಎನ್ನುತ್ತಾಳೆ. ‘ನೀನು ಬೀಳಬಹುದು’ ಎಂದರೆ ಅದು ಇಂಜಿನಿಯರರ ವರದಿಯಾದೀತು. ‘ಬಿದ್ದೀಯೆ’ಯಲ್ಲಿ ಭಯವೂ ಇದೆ, ಆ ಭಯ ನಿಜವಾಗದಿರಲೆಂಬ ಬೇಡಿಕೆಯೂ ಇದೆ.

ನಮ್ಮ ತಂದೆಯವರು ಕಡೆಯ ಕಾಯಿಲೆಯಲ್ಲಿ ಮಲಗಿದ್ದಾಗ ನೋಡಲು ಬರುತ್ತಿದ್ದ ವಯಸ್ಸಾದ ಡಾಕ್ಟರು ನಾಡಿ ಹಿಡಿದು, ಕಿಟಕಿಯ ಕಡೆ ನೋಡುತ್ತಾ, ‘ಎದ್ದು ಕೂತಾರು, ನೋಡೋಣ’ ಎಂದಿದ್ದರು. ‘ಏಳುತ್ತಾರೆ’ ಎನ್ನಲು ಅವರಿಗೆ ಆಧಾರವಿರಲಿಲ್ಲ. ‘ಏಳುವುದಿಲ್ಲ’ ಎನ್ನಲೂ ಇರಲಿಲ್ಲ. ತಂದೆಯವರು ಏಳಲಿಲ್ಲ. ಆದರೆ ಆ ಮಾತಿನಿಂದ ಮೋಸಹೋದೆವೆಂದು ನಮ್ಮಲ್ಲಿ ಯಾರಿಗೂ ಅನಿಸಲಿಲ್ಲ. ತಿಳಿಯದಿದ್ದುದನ್ನು ತಿಳಿಯದೆಂಬಂತೆಯೇ ಇಟ್ಟು, ಜೊತೆಗಿಷ್ಟು ಕರುಣೆಯನ್ನು ಸೇರಿಸಿ ಹೇಳಿದ ಮಾತು ಅದು. ಜೈನರ ಸ್ಯಾದ್ವಾದದ ‘ಸ್ಯಾತ್’ ಕೂಡ ಹುಟ್ಟಿನಿಂದ ಸಂಸ್ಕೃತದ ‘ಅಸ್’ ಧಾತುವಿನ ಇಂಥದೇ ಒಂದು ಕ್ರಿಯಾರೂಪ. ಆಚಾರ್ಯರು ಅದನ್ನು ಅವ್ಯಯವೆಂದು ಹಿಡಿದು ‘ಒಂದು ದೃಷ್ಟಿಯಿಂದ’ ಎಂಬ ಅರ್ಥ ಕೊಟ್ಟು ದರ್ಶನವನ್ನೇ ಕಟ್ಟಿದರು.

ಇಲ್ಲಿಗೇ ನಿಲ್ಲಿಸಿದರೆ, ರುಜು ಹಾಕದ ಮಾತೆಲ್ಲ ವಿನಯದ ಮಾತು ಎಂದಾಗಿಬಿಟ್ಟೀತು. ಹಾಗಲ್ಲವೆಂಬುದಕ್ಕೆ ಸ್ಪ್ಯಾನಿಷ್ ಮಾತಾಡುವ ನಾಡೊಂದರಲ್ಲೇ ನಿದರ್ಶನವಿದೆ. ಅರ್ಜೆಂಟೀನದಲ್ಲಿ 1976ರ ಮಾರ್ಚಿಯಲ್ಲಿ ಸೈನ್ಯ ಅಧಿಕಾರ ಹಿಡಿದು 1983ರವರೆಗೆ ಆಳಿತು. ಅದಕ್ಕೆ ಬೇಡವಾದವರನ್ನು ಮನೆಗಳಿಂದ, ಬೀದಿಗಳಿಂದ ಎತ್ತಿಕೊಂಡು ಹೋಗುತ್ತಿದ್ದರು, ಮತ್ತೆ ಸುಳಿವಿಲ್ಲ. 1984ರಲ್ಲಿ ಸರಕಾರಿ ಆಯೋಗವೊಂದು ದಾಖಲಿಸಿದ ಇಂಥ ಪ್ರಕರಣಗಳೇ ಸುಮಾರು 9,000. ಮಾನವ ಹಕ್ಕುಗಳ ಸಂಘಟನೆಗಳು ಹೇಳುವ ಸಂಖ್ಯೆ 30,000. ಸೈನಿಕ ಆಡಳಿತದ ಅಧ್ಯಕ್ಷ ವಿದೇಲನನ್ನು 1979ರಲ್ಲಿ ಪತ್ರಕರ್ತರು ಈ ವಿಷಯ ಕೇಳಿದರು. ಅವನ ಉತ್ತರದ ಸಾರ ಇಷ್ಟು: ಆ ಮನುಷ್ಯ ಕಾಣಿಸಿಕೊಂಡಲ್ಲಿ ಅದಕ್ಕೊಂದು ಕ್ರಮ, ಸತ್ತನೆಂದು ಖಚಿತವಾದಲ್ಲಿ ಇನ್ನೊಂದು ಕ್ರಮ, ಕಣ್ಮರೆಯಾಗಿರುವವರೆಗೆ ಮಾತ್ರ ಅವನೊಂದು ಅಜ್ಞಾತ, ಸತ್ತೂ ಇಲ್ಲ, ಬದುಕಿಯೂ ಇಲ್ಲ.

‘ಕಾಣಿಸಿಕೊಂಡಲ್ಲಿ’, ‘ಖಚಿತವಾದಲ್ಲಿ’, ‘ಆಗಿರುವವರೆಗೆ’ ಎಂಬ ಜಾಗಗಳಲ್ಲೆಲ್ಲ ಅವನು ಬಳಸಿದ್ದು ಸಬ್‌ಜಂಕ್ಟಿವನ್ನು. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ನಿಶ್ಚಯಾರ್ಥಕ್ಕೆ ಅವನು ಇಳಿದದ್ದು ‘ಅಜ್ಞಾತ’, ‘ಇಲ್ಲ’ ಎನ್ನುವುದಕ್ಕೆ. ನಮ್ಮ ಡಾಕ್ಟರು ‘ಕೂತಾರು’ ಎಂದಾಗ ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಇಲ್ಲಿ ಎತ್ತಿಸಿಕೊಂಡು ಹೋದವರ ದೊರೆಯೇ ‘ಕಾಣಿಸಿಕೊಂಡರೆ’ ಎನ್ನುತ್ತಿದ್ದಾನೆ. ಕ್ರಿಯಾರೂಪ ಒಂದೇ ಜಾತಿಯದು. ಒಂದು ಕಡೆ ಪ್ರಾಮಾಣಿಕತೆ, ಇನ್ನೊಂದು ಕಡೆ ಅಡಗುದಾಣ.

1977ರ ಏಪ್ರಿಲಿನಿಂದ ತಾಯಂದಿರು ಬ್ಯೂನಸ್ ಐರಿಸ್ ನಗರದ ಪ್ಲಾಸ ದೆ ಮಾಯೊ ಚೌಕದಲ್ಲಿ ಸೇರತೊಡಗಿದ್ದರು. ಮುಂದೆ ತಲೆಗೆ ಬಿಳಿಯ ವಸ್ತ್ರ ಕಟ್ಟಿ ಗುರುವಾರ ಗುರುವಾರ ಸುತ್ತು ಹಾಕಿದರು. ಅವರು ಕೇಳಿದ್ದು ನಿಶ್ಚಯಾರ್ಥದ ಪ್ರಶ್ನೆ: ಎಲ್ಲಿದ್ದಾರೆ? ಸೈನ್ಯದ ಆಳ್ವಿಕೆ ಮುಗಿದ ಮೇಲೆ ಮೂಳೆಗಳನ್ನು ಅಗೆದು ಗುರುತಿಸುವ ಕೆಲಸ ಶುರುವಾದಾಗ ಆ ತಾಯಂದಿರಲ್ಲೇ ಭೇದ ಬಂತು. ಕೆಲವರು ಒಪ್ಪಿದರು, ಕೆಲವರು ಕಡುವಾಗಿ ವಿರೋಧಿಸಿದರು. ವಿರೋಧಿಸಿದವರನ್ನು ನಿಜಕ್ಕೆ ಹೆದರಿದವರೆಂದು ಕರೆಯಲು ನನ್ನ ನಾಲಗೆ ಏಳದು. ಕೊಂದವರು ‘ಕೊಂದೆವು’ ಎಂದು ರುಜು ಹಾಕುವ ಮೊದಲೇ ಹೆತ್ತವಳು ‘ಸತ್ತ’ ಎಂದು ರುಜು ಹಾಕಬೇಕೆನ್ನುವುದು ಯಾವ ನ್ಯಾಯ? 1994ರಲ್ಲಿ ಆ ದೇಶ ಒಂದು ಕಾನೂನು ಮಾಡಿ, ಇಂಥವರನ್ನು ಸತ್ತವರೆಂದು ಘೋಷಿಸದೆ, ‘ಬಲವಂತದ ಕಣ್ಮರೆಯಿಂದ ಗೈರುಹಾಜರಾದವರು’ ಎಂದು ದಾಖಲಿಸಲು ಅವಕಾಶ ಕೊಟ್ಟಿತು. ತಿಳಿದದ್ದನ್ನು ನಿಶ್ಚಯವಾಗಿ ಹೇಳಿ, ತಿಳಿಯದ್ದನ್ನು ಹಾಗೆಯೇ ಬಿಟ್ಟ ಮಾತು; ಕಾನೂನಿನ ಪುಸ್ತಕದಲ್ಲಿ ಇಷ್ಟು ಒಳ್ಳೆಯ ವ್ಯಾಕರಣ ಅಪರೂಪ.

ದೂರದ ದೇಶದ ಕತೆಯೆಂದು ಪಕ್ಕಕ್ಕಿಡುವಂತಿಲ್ಲ. ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಹೇಳಿಕೆಯನ್ನು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ನೋವಾದವರು ಬಾಗಿಲಲ್ಲೇ ನಿಂತಿರುತ್ತಾರೆ. ಆ ‘ದ್ದರೆ’ ಎಂಬ ಎರಡಕ್ಷರದ ಹಿಂದೆ ದೊಡ್ಡ ದೊಡ್ಡ ಮನುಷ್ಯರು ಸಲೀಸಾಗಿ ಮರೆಯಾಗುತ್ತಾರೆ.

ಅರ್ಜೆಂಟೀನದಲ್ಲಿ ಸೆರೆಯಲ್ಲಿದ್ದ ಗರ್ಭಿಣಿಯರು ಹೆತ್ತ ಕೂಸುಗಳನ್ನು ಬೇರೆ ಹೆಸರಿಟ್ಟು ಬೇರೆ ಮನೆಗಳಿಗೆ ಕೊಟ್ಟಿದ್ದರು. ಆ ಕೂಸುಗಳ ಅಜ್ಜಿಯರು ತಮ್ಮದೇ ಸಂಘ ಕಟ್ಟಿಕೊಂಡು, ರಕ್ತಪರೀಕ್ಷೆಯ ನೆರವಿನಿಂದ ಮೊಮ್ಮಕ್ಕಳನ್ನು ಹುಡುಕುತ್ತಾ ಬಂದರು. 2025ರ ಹೊತ್ತಿಗೆ 140 ಮಂದಿಯ ಗುರುತು ಸಿಕ್ಕಿದೆ. ಅವರೀಗ ನಡುವಯಸ್ಸಿನವರು, ನನ್ನ ಓರಗೆಯವರು. ಸ್ಪ್ಯಾನಿಷಿನಲ್ಲಿ ಅವರ ವಿಷಯ ಹೇಳುವಾಗ ಕ್ರಿಯಾಪದ ರೂಪ ಬದಲಿಸಬೇಕಾಯಿತು. ಕನ್ನಡದಲ್ಲಿ ಹೇಳುವುದಾದರೆ ಬದಲಾದದ್ದು ಕೊನೆಯ ಒಂದು ಸ್ವರ: ಎಲ್ಲೋ ಇದ್ದಾನು ಎಂದು ನಲವತ್ತು ವರ್ಷ ಕಾದವಳು, ಇದ್ದಾನೆ ಎಂದಳು.