ತೋರಿಸುವ ಸುಖ

ತನ್ನಲ್ಲಿರುವುದನ್ನು ನಾಲ್ಕು ಜನರಿಗೆ ತೋರಿಸಬೇಕೆಂಬ ಆಸೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ಹೊಸ ಬುಗುರಿ ಸಿಕ್ಕ ಹುಡುಗ ಅದನ್ನು ಆಡಿಸುವ ಮೊದಲೇ ಪಕ್ಕದ ಮನೆಯವನಿಗೆ ತೋರಿಸಿ ಬರುತ್ತಾನೆ. ದೊಡ್ಡವರಾದ ಮೇಲೆ ನಾವು ಇದಕ್ಕೆ ಜಂಬವೆಂದು ಹೆಸರಿಟ್ಟು ಮೂಗು ಮುರಿಯುತ್ತೇವೆ. ಆದರೆ ತೋರಿಸುವುದನ್ನು ಮಾತ್ರ ಬಿಡುವುದಿಲ್ಲ. ನನ್ನನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಸಕ್ರೆಬೈಲಿನ ನಮ್ಮ ಮನೆಯಲ್ಲಿ ರಸ್ತೆಯ ಕಡೆಗಿರುವ ಸಣ್ಣ ಕೋಣೆಯನ್ನು ಆಟದ ಕೋಣೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳು ಮೀಯುವುದನ್ನು ನೋಡಲು ನೆಂಟರು ಬರುತ್ತಲೇ ಇರುತ್ತಾರೆ. ಆನೆ ನೋಡಿ ಬಂದವರಿಗೆ ಕಾಫಿ. ಕಾಫಿಯ ಜೊತೆಗೆ ನನ್ನ ಕೋಣೆ ಕಡ್ಡಾಯ. ಅಲ್ಲಿ ಅಜ್ಜಿಯ ಹಲಸಿನ ಮರದ ಚನ್ನೆಮಣೆ ಇದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಚೌಕಾಬಾರದ 25 ಮನೆಯ ಹಲಗೆ, ಕವಡೆಯ ಚೀಲ, ಆಡು-ಹುಲಿ ಆಟದ ಕಲ್ಲು, 96 ಮನೆಯ ಪಗಡೆ ಹಾಸು, ಅದಕ್ಕೆ ಹಿತ್ತಾಳೆಯ ಉದ್ದ ದಾಳ, ಗೋಡೆಗೆ ಒರಗಿಸಿದ ಕೇರಂ ಬೋರ್ಡು, ಅದರ ಮೇಲ್ಗಡೆ ಬಣ್ಣಗೆಟ್ಟ ಎರಡು ಕಪ್ಪುಗಳು. ಬಂದವರು ಒಂದು ಸುತ್ತು ನೋಡಿ "ಭಾರೀ ಚೆನ್ನಾಗಿಟ್ಟಿದೀರಿ" ಅನ್ನುತ್ತಾರೆ. ಆ ಒಂದು ಮಾತಿಗೆ ನಾನು ಎರಡು ದಿನ ಬದುಕಬಲ್ಲೆ.

ಈ ಸುಖ ತಪ್ಪೇ? ತಪ್ಪೆಂದು ನನಗೆ ಅನ್ನಿಸಿಲ್ಲ. ನಮ್ಮ ನಾಡಿನಲ್ಲಿ ಈ ಸುಖವನ್ನು ಅತ್ಯಂತ ಘನತೆಯಿಂದ ಅನುಭವಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ, ರಾಜ್ಯವಿಲ್ಲದ ಆ ರಾಜರು ವಿದ್ಯೆ ಮತ್ತು ಆಟಗಳಲ್ಲಿ ಮನಸ್ಸಿಟ್ಟರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೊಂದು ಆಟಗಳಿಗೇ ಮೀಸಲಾಯಿತು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಅವರು ಹೆಣೆದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮಣೆಗಳನ್ನೇ ಚಿತ್ರವಾಗಿ ಬರೆಸಿದರು. ಅದೂ ಪ್ರದರ್ಶನವೇ. ಆದರೆ ಆ ಚಿತ್ರದ ಮುಂದೆ ನಿಂತವನಿಗೆ ಒಡೆಯನ ಐಶ್ವರ್ಯಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆಟ. 'ಇದನ್ನು ಹೇಗೆ ಆಡುವುದು?' ಎಂದು ಕೇಳುವ ಮನಸ್ಸಾಗುತ್ತದೆ.

ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಕೊರೆದ ಆಟದ ಮಣೆಗಳನ್ನು ನೀವು ನೋಡಿರಬಹುದು. ಅವನ್ನು ಕೊರೆದವನ ಹೆಸರು ಯಾರಿಗೂ ಗೊತ್ತಿಲ್ಲ. ನಾಲ್ಕು ಕಲ್ಲು ಹೆಕ್ಕಿ ತಂದು ಕೂತವನೇ ಅದರ ಒಡೆಯ. ಎದ್ದು ಹೋದ ಮೇಲೆ ಅವನೂ ಅಲ್ಲ. ತೋರಿಸುವುದರಲ್ಲಿ ಹೀಗೆ ಎರಡು ಬಗೆ ಎಂದು ನನಗೆ ತೋರುತ್ತದೆ. ಒಂದು, 'ನನ್ನ ಹತ್ತಿರ ಏನಿದೆ ನೋಡು' ಎನ್ನುವುದು. ಇನ್ನೊಂದು, 'ಬಾ, ಕೂತುಕೋ' ಎನ್ನುವುದು.

ಈ ಲೆಕ್ಕ ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಹೋದ ವರ್ಷ ತೀರ್ಥಹಳ್ಳಿ ಕಡೆಯ ನಮ್ಮ ಸೋದರತ್ತೆ ಒಂದು ಮಾತು ಹೇಳಿ ಕಳಿಸಿದರು. ಮಾವನವರ ಪಗಡೆಯ ದಂತದ ದಾಳಗಳು ಅವರ ಪೆಟ್ಟಿಗೆಯಲ್ಲಿವೆ. ಮಾವ ಬದುಕಿದ್ದಾಗಲೇ ಅರಣ್ಯ ಇಲಾಖೆಗೆ ತಿಳಿಸಿ ಒಡೆತನದ ಪ್ರಮಾಣಪತ್ರ ಮಾಡಿಸಿಟ್ಟಿದ್ದರು. ನಾನು ಹೋದಾಗ ಅತ್ತೆ, "ಅಲ್ಲ ಮಾರಾಯ, ಪೆಟ್ಟಿಗೇಲಿಟ್ಟು ನಾನೇನು ಮಾಡ್ಲಿ? ನಿನ್ನ ಕೋಣೇಲಿದ್ರೆ ನಾಲ್ಕು ಜನ ನೋಡ್ತಾರೆ, ನಿಮ್ಮ ಮಾವನ ಹೆಸರು ಹೇಳ್ತಾರೆ" ಎಂದರು.

ಕಾನೂನಿನ ಉತ್ತರ ಸುಲಭ. ಭಾರತದ ಆನೆಯ ದಂತದ ವ್ಯಾಪಾರ 1986ರ ತಿದ್ದುಪಡಿಯಿಂದ ನಿಂತಿತು; ಆಫ್ರಿಕಾದಿಂದ ಬಂದ ದಂತದ್ದೂ 1991ರ ತಿದ್ದುಪಡಿಯಿಂದ ನಿಂತಿತು. ಮನೆಯಲ್ಲಿರುವುದನ್ನು ಪಿತ್ರಾರ್ಜಿತವಾಗಿ ಪಡೆಯಬಹುದೇ ಹೊರತು ನನ್ನಂಥ ಅಳಿಯ ಹೊಸದಾಗಿ ಸ್ವೀಕರಿಸುವಂತಿಲ್ಲ. ಇದನ್ನು ಅತ್ತೆಗೆ ಹೇಳಿದೆ. ಅವರು ಬಿಡಲಿಲ್ಲ. "ಕಾನೂನು ಇರ್ಲಿ. ಕಾನೂನು ಇಲ್ದಿದ್ರೆ ಇಟ್ಕೊಳ್ತಿದ್ಯಾ?" ಎಂದು ಕೇಳಿದರು. ಕಾನೂನಿನ ಮರೆಯಲ್ಲಿ ನಿಂತವನನ್ನು ಹೊರಗೆಳೆಯುವ ಪ್ರಶ್ನೆ ಅದು.

ದಂತವನ್ನು ಸಮರ್ಥಿಸಲು ಒಂದು ವಾದವಿದೆ. ಸಾಕಿದ ಆನೆಯ ದಂತ ಉದ್ದವಾದಾಗ ತುದಿಯನ್ನು ಕತ್ತರಿಸುತ್ತಾರೆ, ಆನೆ ಸಾಯುವುದಿಲ್ಲ. ಮಾವನ ದಾಳ ಅಂಥ ತುಂಡಿನದೇ ಏಕಾಗಿರಬಾರದು? ಬಿಡಾರದಲ್ಲಿ ಬಹಳ ಕಾಲ ಕೆಲಸ ಮಾಡಿದ ಮಾವುತರೊಬ್ಬರು ಸಂಜೆ ಹೊತ್ತು ನಮ್ಮಲ್ಲಿಗೆ ಚೌಕಾಬಾರಕ್ಕೆ ಬರುತ್ತಾರೆ. ಅವರ ಮುಂದೆ ಈ ಮಾತು ತೆಗೆದೆ. ಅವರು ಕವಡೆಯನ್ನು ಅಂಗೈಯಲ್ಲೇ ಹಿಡಿದುಕೊಂಡು, "ಸಾರ್, ದಂತ ಹೊರಗೆ ಕಾಣೋದಷ್ಟೇ ಅಲ್ಲ. ಮೂರರಲ್ಲಿ ಒಂದು ಪಾಲು ತಲೆಯೊಳಗಿರುತ್ತೆ. ಪೂರಾ ದಂತ ಬೇಕು ಅಂದ್ರೆ ಆನೆ ಬಿದ್ದಿರಬೇಕು" ಎಂದರು. ಹೇಳಿ ಕವಡೆ ಬಿಟ್ಟರು. ನಾಲ್ಕು ಬಿತ್ತು.

ದಾಳವನ್ನು ನೋಡಿದರೆ ದಂತವೋ ಮೂಳೆಯೋ ಎಂದು ಹೇಳಬಹುದು. ಮೂಳೆಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳಿರುತ್ತವೆ; ದಂತವನ್ನು ಅಡ್ಡ ಕೊಯ್ದರೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳು ಕಾಣುತ್ತವೆ. ಆದರೆ ಅದು ಕತ್ತರಿಸಿದ ತುದಿಯೋ ಕೊಂದ ಆನೆಯದೋ ಎಂಬುದನ್ನು ಯಾವ ಗೆರೆಯೂ ಹೇಳುವುದಿಲ್ಲ. ನೋಡುವವನಿಗೆ ಎರಡೂ ಒಂದೇ ಬಿಳುಪು, ಒಂದೇ ನುಣುಪು. 'ಎಷ್ಟು ಚೆಂದ' ಎಂದು ಅವನು ತಲೆದೂಗಿದಾಗ ಆ ಮೆಚ್ಚುಗೆ ಎರಡಕ್ಕೂ ಸಲ್ಲುತ್ತದೆ. ತೋರಿಸುವುದರ ಕಷ್ಟ ಇಲ್ಲಿದೆ. ವಸ್ತುವನ್ನು ಇಟ್ಟುಕೊಳ್ಳುವುದು ನನ್ನೊಬ್ಬನ ವ್ಯವಹಾರ. ತೋರಿಸಿದ ಕೂಡಲೇ ಇನ್ನೊಬ್ಬನಲ್ಲಿ ಆಸೆಯೊಂದನ್ನು ಬಿತ್ತಿದಂತಾಯಿತು.

2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮವೊಂದರ ಸ್ಪರ್ಧಿಯನ್ನು ಹುಲಿಯುಗುರಿನ ಪದಕ ಧರಿಸಿದ್ದಕ್ಕೆ ಬಂಧಿಸಿದ ಮೇಲೆ ರಾಜ್ಯದಲ್ಲೆಲ್ಲ ಎಷ್ಟು ಕೊರಳುಗಳು ಒಮ್ಮೆಗೇ ಬರಿದಾದವು! ಅದುವರೆಗೆ ಪ್ರತಿಷ್ಠೆಯಾಗಿದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಭಯವಾಯಿತು. ಭಯದಿಂದ ಬಚ್ಚಿಟ್ಟದ್ದನ್ನು ನಾನು ವಿವೇಕವೆನ್ನಲಾರೆ. ಹುಲಿಯ ನೆನಪಾಗಿ ಯಾರಾದರೂ ಕೊರಳಿನಿಂದ ತೆಗೆದಿದ್ದರೆ, ಅದು ವಿವೇಕ.

ಆದರೂ ಅತ್ತೆಯ ಮಾತಿನಲ್ಲಿ ತೂಕವಿದೆ. ಅವರಿಗೆ ಬೇಕಾಗಿರುವುದು ದಂತದ ಹೊಳಪಲ್ಲ, ಗಂಡನ ಹೆಸರು. ಪೆಟ್ಟಿಗೆಯೊಳಗೆ ದಾಳಗಳೊಂದಿಗೆ ಆ ಹೆಸರೂ ಕತ್ತಲಲ್ಲಿ ಬಿದ್ದಿದೆಯೆಂಬುದು ಅವರ ಸಂಕಟ. ಪರಿಶುದ್ಧನಾಗಿರಬೇಕೆಂಬ ನನ್ನ ಹಟ ಎಂಬತ್ತು ದಾಟಿದ ಹೆಂಗಸಿನ ಈ ಸಂಕಟಕ್ಕಿಂತ ದೊಡ್ಡದೇ ಎಂದು ಹಲವು ಸಲ ಕೇಳಿಕೊಂಡಿದ್ದೇನೆ. ಆನೆ ಸತ್ತಿದ್ದರೆ ಎಂದೋ ಸತ್ತಿದೆ. ಅತ್ತೆ ಇಂದು ಇದ್ದಾರೆ.

ಕೊನೆಗೆ ನನಗೆ ಹೊಳೆದದ್ದು ಇಷ್ಟು: ಮಾವನ ಹೆಸರನ್ನು ದಾಳವೇ ಹೊರಬೇಕೆಂದಿಲ್ಲ. ಮೈಸೂರಿನಲ್ಲಿ ಬೀಟೆ ಮರದ ಮೇಲೆ ದಂತ ಕೂರಿಸುತ್ತಿದ್ದ ಕುಸುರಿಗಾರರು ಈಗ ಪ್ಲಾಸ್ಟಿಕ್ಕನ್ನು ಕೂರಿಸುತ್ತಾರೆ, ಕುಸುರಿ ಸತ್ತಿಲ್ಲ. ಅತ್ತೆಗೆ, "ಇಲ್ಲ ಅತ್ತೆ, ಕಾನೂನು ಇಲ್ದಿದ್ರೂ ಇಟ್ಕೊಳ್ತಿರ್ಲಿಲ್ಲ. ಆನೆ ದಿನಾ ನಮ್ಮನೆ ಮುಂದೇನೇ ಹೋಗುತ್ತೆ" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ನಾನು ಮಾವನ ಪಗಡೆಯ ಪಟ್ಟುಗಳನ್ನು ಕೇಳಿದೆ: ಯಾವ ಗರ ಬಿದ್ದರೆ ಯಾವ ಕಾಯಿ ನಡೆಸುತ್ತಿದ್ದರು, ಜೋಡಿಯನ್ನು ಎಲ್ಲಿ ಕಾಯುತ್ತಿದ್ದರು, ಸೋಲುವಾಗ ಏನೆಂದು ಗೊಣಗುತ್ತಿದ್ದರು. ಅತ್ತೆ ಸಂಜೆಯವರೆಗೆ ಹೇಳಿದರು. ಒಂದೆರಡು ಕಡೆ ನಕ್ಕರು.

ಅವೆಲ್ಲ ಈಗ ಒಂದು ನೋಟ್‌ಬುಕ್ಕಿನಲ್ಲಿವೆ. ಪಗಡೆ ಹಾಸಿನ ಪಕ್ಕದಲ್ಲೇ ಇಟ್ಟಿದ್ದೇನೆ. ಆ ದಂತದ ದಾಳಗಳನ್ನು ಇಲಾಖೆಗೆ ಒಪ್ಪಿಸುವುದೋ ಮಕ್ಕಳಿಗೆ ಬಿಡುವುದೋ, ಅದು ಅತ್ತೆಯ ತೀರ್ಮಾನ. ಅವರು ಇನ್ನೂ ಯೋಚಿಸುತ್ತಿದ್ದಾರೆ. ನಮ್ಮ ಕಡೆ ಬಂದರೆ ನೀವೂ ಬನ್ನಿ. ತೋರಿಸುತ್ತೇನೆ. ಆದರೆ ಒಂದು ಆಟವಾಡದೆ ಎದ್ದು ಹೋಗುವಂತಿಲ್ಲ.