ಕಾಳಿಯೂ ನಿದ್ದೆ ಮಾಡಿತ್ತು

(ಗಂಗಾವತಿ ತಾಲೂಕಿನ ಮರಳಿ. ಭತ್ತದ ಕೊಯ್ಲು ಮುಗಿದಿದೆ. ಚಿತ್ರಕಲೆ ಓದುವ ಮೊಮ್ಮಗಳು ಹಳೆಯ ಡಚ್ ಚಿತ್ರವೊಂದರ ಪ್ರತಿಯನ್ನು ಅಜ್ಜನಿಗೆ ತೋರಿಸುತ್ತಿದ್ದಾಳೆ.)

ಅಜ್ಜ: ಮಲಗಿದ ನಾಯಿ. ಇದರಾಗ ಬರಿಯೋವಂಥದ್ದು ಏನೈತಿ ಯವ್ವಾ?

ಮೊಮ್ಮಗಳು: ಇದನ್ನ ಬರೆದಾವ ಕೊರ್ನೆಲಿಸ್ ಸಾಫ್ಟ್‌ಲೆವೆನ್ ಅಂತ, 1607ರಿಂದ 1681ರ ತನಕ ಬದುಕಿದ್ದ ಕಲಾವಿದ. ಆಗಿನ ಕಪ್ಪು ಚಾಕ್ ಅಂದ್ರ ನೆಲದಾಗ ಸಿಗೋ ಮೆತ್ತನ್ನ ಕಲ್ಲು. ಮೈಭಾರ ಬಿದ್ದಲ್ಲಿ ಒತ್ತಿ ತೀಡಬೇಕು, ಕಿವಿ ಅಂಚಿಗೆ ಕೈ ಹಗುರ ಮಾಡಬೇಕು. ಅಷ್ಟೊತ್ತು ಒಂದು ಜೀವ ನೋಡ್ಕೋತ ಕುಂತಾನ.

ಅಜ್ಜ: ಮಂಡ್ಯ ಜಿಲ್ಲೆಯ ಆತಕೂರು ಶಾಸನ ನೆನಪು ಮಾಡ್ಕೊ. ಕ್ರಿ.ಶ. 949ರ ಸುಮಾರು, ತಕ್ಕೋಲದ ಯುದ್ಧ ಗೆದ್ದಾಗ ಗಂಗರ ದೊರಿ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕು ಕೇಳು ಅಂದ. ಅವ ಕೇಳಿದ್ದು ಕಾಳಿ ಅನ್ನೋ ನಾಯಿ. ಅದು ಕಾಡುಹಂದಿ ಜೋಡಿ ಕಾದಾಡಿ ಸತ್ತಿತು, ಹಂದಿನೂ ಸತ್ತಿತು. ಅದಕ್ಕ ಕಲ್ಲು ನಿಲ್ಲಿಸಿದ್ರು. ಈ ನಾಯಿ ಏನು ಮಾಡೇತಿ?

ಮೊಮ್ಮಗಳು: ಏನೂ ಮಾಡಿಲ್ಲ. ಕಾಳಿನೂ ಹಂದಿ ಮ್ಯಾಲೆ ಬೀಳೋ ಮೊದಲು ಎಷ್ಟೋ ಸಲ ಹಿಂಗ ಮಲಗಿರಬೇಕಲ್ಲ? ಕಲ್ಲಿನಾಗ ಅದರ ಹೋರಾಟ ಅಷ್ಟೇ ಉಳೀತು. ನಾವು ನಾಯಿ ನೋಡಲಿಲ್ಲ, ನಮಗಾದ ಉಪಯೋಗ ನೋಡಿದ್ವಿ.

ಅಜ್ಜ: ಅಲ್ಲ. ಸತ್ತ ನಾಯಿಯಿಂದ ಯಾರಿಗೆ ಏನು ಉಪಯೋಗ? ಆದರೂ ಆ ಕಲ್ಲಿನ ಪೂಜಿಗೆ ಭೂಮಿ ಬಿಟ್ಟರು. ಪೂಜಿ ಮಾಡದ ಆ ಭೂಮಿ ಉಂಡ್ರ ಪೂಜಾರಿ ಗೊರವನಿಗೆ ಪಾಪ ಅಂತನೂ ಬರೆಸಿದ್ರು. ಉಪಕಾರ ನೆನೆಯೋದು ವ್ಯಾಪಾರ ಅಲ್ಲ ಯವ್ವಾ.

ಮೊಮ್ಮಗಳು: ಒಪ್ಪಿದೆ. ಆದ್ರ ನೆನೆಯಾಕ ಉಪಕಾರ ಮೊದಲ ಆಗಿರಬೇಕು. ಯಾರಿಗೂ ಏನೂ ಮಾಡದ ನಾಯಿ ಗತಿ ಏನು? ಮೊದಲು ನಾಯಿಗಳು ಕಣ ಕಾಯ್ತಿದ್ದವು. ಈಗ ಮಷಿನ್ ಬಂದು ಒಂದ ದಿನಕ್ಕ ಕೊಯ್ದು ಹೋಗ್ತೈತಿ. ಕೆಲಸ ಇಲ್ಲದ ನಾಯಿ ಕಂಡ್ರ ಕಲ್ಲು ಎತ್ತತಾರ.

ಅಜ್ಜ: ಅದಕ್ಕ ಚಿತ್ರ ಏನು ಮಾಡೀತು? ಆತಕೂರಿನವರು ಭೂಮಿ ಕೊಟ್ಟರು. ನಿನ್ನ ಡಚ್ ಮನುಷ್ಯ ಬರೇ ನೋಡಿದ.

ಮೊಮ್ಮಗಳು: ಆ ನೋಡೋದ ನಮಗ ಬರವಲ್ದು ಅಜ್ಜ. ಉಸಿರಿಗೆ ಹೊಟ್ಟಿ ಏರಿ ಇಳಿಯೋದನ್ನ ನೋಡಿದಾವ ಕಲ್ಲು ಎತ್ತೋ ಮೊದಲು ತಡೀತಾನ.

ಅಜ್ಜ: ತಡದ್ರ ಸಾಲದು. ನೋಡಿ ಸುಮ್ಮನ ಎದ್ದು ಹೋದ್ರ ಅದೂ ಒಂದು ನಮೂನಿ ಕಳ್ಳತನ. ಮಲಗಿದ ಜೀವ ತನ್ನ ರೂಪ ಕೊಟ್ಟೈತಿ, ಕೇಳದ ತಗೊಂಡೀವಿ. ಋಣ ಅಲ್ಲೇ ಹುಟ್ಟತೈತಿ.

ಮೊಮ್ಮಗಳು: ಅಂದ್ರ ಏನೂ ಮಾಡದ ನಾಯಿಗೂ ನಾವು ಋಣದಾಗ ಅದೀವಿ?

ಅಜ್ಜ: ಹೌದು. ಇಷ್ಟೊತ್ತು ನಾನು ದುಡಿಮಿಗೆ ಅಷ್ಟೇ ಋಣ ಅಂದಿದ್ದೆ. ಅದು ಅರ್ಧ ಮಾತು. ನಮ್ಮ ಕಣ್ಣಿಗೆ ಬಿದ್ದ ಜೀವಕ್ಕ ನಮ್ಮ ಊರಾಗ ನಿಶ್ಚಿಂತಿಯಿಂದ ಮಲಗೋ ಹಕ್ಕು ಐತಿ. ಆ ಹಕ್ಕು ಅದು ಗಳಿಸಬೇಕಾಗಿಲ್ಲ, ನಾವು ಕಾಯಬೇಕು.