ಕೋಳಿಗೂಡಿನ ಬಾಗಿಲು



ಲೂಕನು ಬರೆದ ಸುವಾರ್ತೆಯ 13ನೆಯ ಅಧ್ಯಾಯದ ಕೊನೆಯಲ್ಲಿ ಎರಡು ಜೀವಿಗಳ ಹೆಸರು ಹತ್ತಿರ ಹತ್ತಿರವಾಗಿ ಬರುವದನ್ನು ನೀವು ಗಮನಿಸಿದ್ದೀರೋ? ಹೆರೋದನು ಆತನನ್ನು ಕೊಲ್ಲಬೇಕೆಂದಿದ್ದಾನೆಂದು ಫರಿಸಾಯರು ಬಂದು ತಿಳಿಸಿದಾಗ ಯೇಸು ಸ್ವಾಮಿಯು ಆ ಅರಸನನ್ನು ನರಿಯೆಂದು ಕರೆದನು. ಸ್ವಲ್ಪ ಹೊತ್ತಿನೊಳಗೆ ಯೆರೂಸಲೇಮಿಗಾಗಿ ಮರುಗುತ್ತಾ, ಮರಿಗಳನ್ನು ರೆಕ್ಕೆಯ ಅಡಿಗೆ ಕೂಡಿಸಿಕೊಳ್ಳುವ ಹೇಂಟೆಗೆ ತನ್ನನ್ನು ಹೋಲಿಸಿಕೊಂಡನು. ನರಿಯ ಎದುರಿಗೆ ಸಿಂಹವನ್ನು ನಿಲ್ಲಿಸಬಹುದಾಗಿತ್ತು. ಆತನು ಹೇಂಟೆಯನ್ನು ನಿಲ್ಲಿಸಿದನು. ಹೇಂಟೆಗೆ ಕೋರೆಹಲ್ಲಿಲ್ಲ, ಬಲವಾದ ಪಂಜವಿಲ್ಲ. ಅದಕ್ಕೆ ಇರುವದು ಎರಡು ರೆಕ್ಕೆಗಳು ಮತ್ತು ಮರಿಗಳನ್ನು ಬಿಟ್ಟು ಓಡದ ಮನಸ್ಸು. ಹಿತ್ತಲಲ್ಲಿ ಕೋಳಿ ಸಾಕುವ ನಮಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹೇಂಟೆಯನ್ನು ಕಾಯಬೇಕಾದವರು ಯಾರು ಎಂಬದನ್ನು ನಾವು ಮರೆಯುತ್ತೇವೆ. ಅದನ್ನು ನಾನೇ ಮರೆತವನಾದದರಿಂದ, ಉಪದೇಶ ಹೇಳುವದಕ್ಕೆ ಮುಂಚೆ ನನ್ನ ತಪ್ಪನ್ನು ನಿಮ್ಮ ಮುಂದೆ ಅರಿಕೆ ಮಾಡುತ್ತೇನೆ.

ನಮ್ಮ ಸಭೆಯಲ್ಲಿ ಒಬ್ಬ ವಿಧವೆ ಇದ್ದಾಳೆ. ಆಕೆಗೆ ಏಳು ಹೇಂಟೆಗಳಿದ್ದವು. ಮನೆಯ ಎಣ್ಣೆ ಉಪ್ಪು, ಆಕೆಯ ಔಷಧ, ಕಾಣಿಕೆಯ ಚೀಲಕ್ಕೆ ಹಾಕುವ ಹಣ, ಇವೆಲ್ಲವೂ ಮೊಟ್ಟೆಯ ದುಡ್ಡಿನಿಂದಲೇ ನಡೆಯುತ್ತಿದ್ದವು. ಮಗಳ ಹೆರಿಗೆಗೆಂದು ಊರು ಬಿಟ್ಟು ಹೋಗುವಾಗ, ಹದಿನೈದು ದಿನ ಸಾಯಂಕಾಲ ಗೂಡಿನ ಬಾಗಿಲು ಹಾಕಬೇಕೆಂದು ಆಕೆ ನನ್ನನ್ನು ಕೇಳಿಕೊಂಡಳು. ನಾನು ಒಪ್ಪಿಕೊಂಡೆನು. ಹದಿಮೂರು ಸಾಯಂಕಾಲ ಹೋಗಿ ಅಗಳಿ ಹಾಕಿದೆನು. ಹದಿನಾಲ್ಕನೆಯ ದಿನ ಸಭೆಯ ಲೆಕ್ಕದ ಪುಸ್ತಕ ಬರೆಯುತ್ತಾ ಕೂತಿದ್ದೆನು, ಮಳೆಯೂ ಹಿಡಿಯಿತು. ಕೋಳಿಗಳು ಕತ್ತಲಾಗುವಾಗ ತಾವಾಗಿಯೇ ಗೂಡು ಸೇರುತ್ತವಲ್ಲಾ, ಊಟವಾದ ಮೇಲೆ ಬಾಗಿಲು ಹಾಕಿದರಾಯಿತು ಎಂದುಕೊಂಡೆನು. ಊಟವಾದ ಮೇಲೆ ನಿದ್ರೆ ಬಂತು.

ಬೆಳಿಗ್ಗೆ ಹೋಗಿ ನೋಡಿದರೆ ಐದು ಹೇಂಟೆಗಳು ಕತ್ತು ಮುರಿದು ಬಿದ್ದಿದ್ದವು. ಒಂದು ಕಾಣಿಸಲೇ ಇಲ್ಲ. ಏಳನೆಯದು ಕಾವಿಗೆ ಕೂತದ್ದು. ಅದು ಮೊಟ್ಟೆಗಳ ಮೇಲೆಯೇ ಸತ್ತಿತ್ತು. ಮರಿಯಾಗುವದಕ್ಕೆ ಬೇಕಾದ 21 ದಿನಗಳಲ್ಲಿ 18 ದಿನ ಕಳೆದಿದ್ದವು. ಮೊಟ್ಟೆಗಳನ್ನು ಮುಟ್ಟಿದೆನು, ತಣ್ಣಗಾಗಿದ್ದವು. ಕೆಸರಿನಲ್ಲಿ ಕಾಡುಬೆಕ್ಕಿನ ಹೆಜ್ಜೆಗಳಿದ್ದವು.

ಪ್ರಿಯರೇ, ಆಗ ನನ್ನ ಹೃದಯದಲ್ಲಿ ಮೊದಲು ಹುಟ್ಟಿದ್ದು ಪಶ್ಚಾತ್ತಾಪವಲ್ಲ, ಕೋಪ. ನೆರೆಯವನೊಬ್ಬನು, ಮಾಂಸಕ್ಕೆ ವಿಷ ಬೆರೆಸಿ ಇಡೋಣ ಅಂದನು, ಆಗಲಿ ಅಂದೆನು. ವಿಧವೆಯು ಹಿಂತಿರುಗಿ ಬಂದಾಗ ನಾನು ಬೆಕ್ಕಿನ ಕ್ರೂರತನವನ್ನು ಬಹಳವಾಗಿ ವರ್ಣಿಸಿದೆನು. ಆಕೆ ಎಲ್ಲವನ್ನೂ ಕೇಳಿ, “ಉಪದೇಶಿಗಳೇ, ಅಗಳಿ ಹಾಕಿದ್ದಿರೋ?” ಎಂದು ಮಾತ್ರ ಕೇಳಿದಳು. ನಾನು ತಲೆ ತಗ್ಗಿಸಿದೆನು. “ಬೆಕ್ಕು ತನ್ನ ಕೆಲಸ ಮಾಡಿತು” ಅಂದಳು. ನಮ್ಮ ಕೆಲಸದ ವಿಷಯವಾಗಿ ಆಕೆ ಏನೂ ಹೇಳಲಿಲ್ಲ. ಏಳು ಎಳೆಯ ಹೇಂಟೆಗಳನ್ನು ಕೊಂಡು ಕೊಟ್ಟೆನು. ಆದರೆ ನಾಟಿಕೋಳಿ ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹೆಚ್ಚುಕಡಿಮೆ ಆರು ತಿಂಗಳು ಬೇಕು. ಆ ತಿಂಗಳುಗಳನ್ನು ನಾನು ಕೊಂಡು ಕೊಡಲಾರದೆ ಹೋದೆನು.

ಅಂದಿನಿಂದ ಕಲಿತದ್ದನ್ನು ನಿಮಗೆ ತಿಳಿಸುತ್ತೇನೆ. ಮೊದಲನೆಯದಾಗಿ, ಯಾವ ವೈರಿ ಯಾವ ಹೊತ್ತಿನಲ್ಲಿ ಬರುವದೆಂದು ತಿಳಿದಿರಬೇಕು. ಹಗಲು ಹೊತ್ತಿನಲ್ಲಿ ಹದ್ದು, ಗಿಡುಗ, ಕಾಗೆಗಳು ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ. ಮುಂಗುಸಿಯೂ ಹಗಲಿನಲ್ಲಿಯೇ ಬೇಲಿಯ ಬುಡದಿಂದ ನುಸುಳುವದು. ಮೊಟ್ಟೆಗಳು ಮಾತ್ರ ಕಾಣೆಯಾದರೆ ಹಾವು, ಉಡ ಅಥವಾ ಹೆಗ್ಗಣವೆಂದು ಸಂಶಯಪಡಬೇಕು. ಕಾಡುಬೆಕ್ಕು, ಪುನುಗಿನ ಬೆಕ್ಕು, ನರಿ, ಇವು ಹೆಚ್ಚಾಗಿ ಕತ್ತಲೆಯಲ್ಲಿ ಬರುವವು. ಊರ ನಾಯಿಗೆ ಹಗಲೆಂದೂ ಇಲ್ಲ, ರಾತ್ರಿಯೆಂದೂ ಇಲ್ಲ. ಕೋಳಿಗೆ ಕತ್ತಲೆಯಲ್ಲಿ ಕಣ್ಣು ಚೆನ್ನಾಗಿ ಕಾಣಿಸದು; ಕೂತಲ್ಲಿಯೇ ಕೂತಿರುವದು. ಆದದರಿಂದ ಬಾಗಿಲಿಲ್ಲದ ಗೂಡು ಅದಕ್ಕೆ ಆಶ್ರಯವಲ್ಲ, ಬೋನು.

ಎರಡನೆಯದಾಗಿ, ಗೂಡನ್ನು ಭದ್ರಪಡಿಸಬೇಕು. ಆರು ಮೂಲೆಯ ಕಣ್ಣುಗಳುಳ್ಳ ತೆಳ್ಳಗಿನ ಕೋಳಿಬಲೆಯು ಕೋಳಿಗಳನ್ನು ಒಳಗೆ ಇಟ್ಟೀತೇ ಹೊರತು ನಾಯಿಯನ್ನಾಗಲಿ ನರಿಯನ್ನಾಗಲಿ ಹೊರಗೆ ಇಡಲಾರದು. ಅರ್ಧ ಅಂಗುಲದ ಕಣ್ಣಿರುವ, ಬೆಸೆದ ತಂತಿಯ ಜಾಲರಿಯೇ ಒಳ್ಳೇದು. ಅದನ್ನು ನೆಲದೊಳಗೆ ಒಂದು ಅಡಿ ಹೂಳಬೇಕು, ಇಲ್ಲವೆ ಗೂಡಿನ ಸುತ್ತಲೂ ಹೊರಮುಖವಾಗಿ ಒಂದು ಅಡಿ ಹಾಸಿ ಮಣ್ಣು ಕಲ್ಲು ಮುಚ್ಚಬೇಕು. ಕೆದರುವ ಪ್ರಾಣಿಯು ಗೋಡೆಯ ಬುಡದಲ್ಲಿಯೇ ಕೆದರುವದು. ಜಾಲರಿ ಕೊಳ್ಳಲಾರದವರು ಗೂಡನ್ನು ಕಂಬಗಳ ಮೇಲೆ ಎರಡು ಮೂರು ಅಡಿ ಎತ್ತರಿಸಿ ಹಲಗೆಯ ನೆಲ ಹಾಕಲಿ. ಬಾಗಿಲಿಗೆ ಹಗ್ಗ ಸುತ್ತಿದರೆ ಸಾಲದು, ಅಗಳಿ ಇರಬೇಕು. ಸುತ್ತಲಿನ ಪೊದೆಗಳನ್ನು ಸವರಿ ಹಾಕಿರಿ. ಚೆಲ್ಲಿದ ಕಾಳನ್ನು ಸಾಯಂಕಾಲ ಗುಡಿಸಿ ತೆಗೆಯಿರಿ, ಯಾಕಂದರೆ ಕಾಳಿಗೆ ಇಲಿ ಬರುವದು, ಇಲಿಯ ಹಿಂದೆ ಹಾವು ಬರುವದು. ಮೊಟ್ಟೆಗಳನ್ನು ಆಯಾ ದಿನವೇ ತೆಗೆದಿಡಿರಿ. ಎಳೆ ಮರಿಗಳನ್ನು ಮೊದಲ ಆರೇಳು ವಾರ ಮೇಲೆ ಬಲೆ ಹಾಕಿದ ಅಂಗಳದಲ್ಲಾಗಲಿ ಬಿದಿರಿನ ಪಂಜರದ ಕೆಳಗಾಗಲಿ ಮೇಯಿಸಿರಿ.

ಮೂರನೆಯದಾಗಿ, ವಿಷ ಇಡಬೇಡಿರಿ. ನಾನು ಆಗಲಿ ಅಂದ ಆ ಮಾತನ್ನು ಆ ವಿಧವೆಯ ಪ್ರಶ್ನೆಯ ನಂತರ ಹಿಂದಕ್ಕೆ ತೆಗೆದುಕೊಂಡೆನು. ವಿಷವು ಬೆಕ್ಕನ್ನು ಮಾತ್ರ ಆರಿಸಿಕೊಳ್ಳುವದಿಲ್ಲ. ನೆರೆಯವನ ನಾಯಿಯನ್ನೂ, ಸತ್ತದ್ದನ್ನು ತಿಂದ ಹದ್ದನ್ನೂ ಕೊಲ್ಲುವದು, ಮಕ್ಕಳ ಕೈಗೂ ಸಿಕ್ಕುವದು. ಮುಂಗುಸಿ, ಕಾಡುಬೆಕ್ಕು, ಉಡ ಮುಂತಾದವುಗಳನ್ನು ಕೊಲ್ಲುವದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾಗಿದೆ. ಇದಲ್ಲದೆ ಕೇರೆಹಾವೂ ಕಾಡುಬೆಕ್ಕೂ ನಮ್ಮ ಗದ್ದೆಗಳ ಇಲಿಗಳನ್ನು ತಿಂದು, ನಾವು ಕೂಲಿ ಕೊಡದ ಆಳುಗಳಾಗಿ ದುಡಿಯುತ್ತವೆ. ಅವುಗಳಿಗೂ ಬೆಟ್ಟದಲ್ಲಿ ಹಸಿದ ಮರಿಗಳಿರುತ್ತವೆ. ಸೃಷ್ಟಿಕರ್ತನು ಅವುಗಳಿಗೆ ಕೊಟ್ಟ ಹಸಿವೆಯನ್ನು ನಾವು ಪಾಪವೆಂದು ಕರೆಯಬಾರದು.

ಹಾಗಾದರೆ ಪಾಪವು ಎಲ್ಲಿತ್ತು? ತೆರೆದ ಬಾಗಿಲಲ್ಲಿತ್ತು. ನಾನು ಆ ರಾತ್ರಿ ಕೆಟ್ಟದ್ದೇನನ್ನೂ ಮಾಡಲಿಲ್ಲ. ಸಭೆಯ ಲೆಕ್ಕವನ್ನೇ ಬರೆದೆನು. ಆದರೆ ಒಪ್ಪಿಕೊಂಡ ಒಂದು ಸಣ್ಣ ಕೆಲಸವನ್ನು ಸಣ್ಣದೆಂದು ಎಣಿಸಿದೆನು. ಬಡವರ ಜೀವನವು ಇಂಥ ಸಣ್ಣ ಅಗಳಿಗಳ ಮೇಲೆಯೇ ನಿಂತಿರುವದು. ಹದಿಮೂರು ದಿನಗಳ ನಂಬಿಗಸ್ತಿಕೆಯು ಹದಿನಾಲ್ಕನೆಯ ರಾತ್ರಿಯಲ್ಲಿ ಒಂದು ಹೇಂಟೆಯನ್ನೂ ಉಳಿಸಲಿಲ್ಲ. ನಿನ್ನೆ ಹಾಕಿದ ಬಾಗಿಲು ನಿನ್ನೆಯ ರಾತ್ರಿಗೆ. ಈ ಹೊತ್ತಿನ ಬಾಗಿಲನ್ನು ಈ ಹೊತ್ತೇ ಹಾಕಬೇಕು. ನಮ್ಮ ಮಕ್ಕಳು, ಮನೆಯ ವೃದ್ಧರು, ನೆರೆಯವರು ನಂಬಿ ಕೊಟ್ಟ ಮಾತು, ಇವುಗಳನ್ನೂ ಹೀಗೆಯೇ ದಿನದಿನವೂ ಕಾಯಬೇಕಾಗಿದೆ.

ಕಾವಿಗೆ ಕೂತ ಆ ಹೇಂಟೆಯು ಏಳಲಿಲ್ಲ, ಓಡಲಿಲ್ಲ. ತನಗೆ ಒಪ್ಪಿಸಲ್ಪಟ್ಟದ್ದನ್ನು ಬಿಡಲಿಲ್ಲ. ಬುದ್ಧಿಯುಳ್ಳವನೂ ಉಪದೇಶಿಯೂ ಆದ ನಾನು ಬಿಟ್ಟೆನು. ತನ್ನನ್ನು ಹೇಂಟೆಗೆ ಹೋಲಿಸಿಕೊಂಡ ಕರ್ತನ ಮುಂದೆ ನಾನು ಇದನ್ನು ಅನೇಕ ಸಾರಿ ನೆನಸಿ ನಾಚಿದ್ದೇನೆ. ಆತನು ಕ್ಷಮಿಸಿದ್ದಾನೆಂದೂ ನಂಬಿದ್ದೇನೆ. ಆ ವಿಧವೆಯು ಈಚೆಗೆ ಮತ್ತೆ ಮಗಳ ಮನೆಗೆ ಹೋಗುವಾಗ, ಬಾಗಿಲು ಹಾಕುವದಕ್ಕೆ ಪುನಃ ನನಗೇ ಹೇಳಿ ಹೋದಳು. ಕ್ಷಮೆಯೆಂದರೆ ಏನೆಂದು ಆ ದಿನ ತಿಳಿದುಕೊಂಡೆನು.

ಆದಕಾರಣ, ಪ್ರಿಯರೇ, ಸಾಯಂಕಾಲ ದೀಪ ಹಚ್ಚುವದಕ್ಕೆ ಮುಂಚೆ ಹಿತ್ತಲಿಗೆ ಹೋಗಿರಿ. ಕೋಳಿಗಳನ್ನು ಎಣಿಸಿರಿ. ಅಗಳಿ ಹಾಕಿ, ಒಂದು ಸಾರಿ ಎಳೆದು ನೋಡಿರಿ. ಆಮೇಲೆ ಒಳಗೆ ಬಂದು ಪ್ರಾರ್ಥನೆಗೆ ಮೊಣಕಾಲೂರಿರಿ.